ಮನೆಯ ರಾಗಿ ಮಿಲ್ಲಿಗೆ ಧೂಳು ಹೀರುವ ವ್ಯವಸ್ಥೆ

ಬೆಂಗಳೂರು ಪೂರ್ವ ತಾಲ್ಲೂಕಿನ ಕೆ.ಆರ್. ಪುರ, ವರ್ತೂರು, ಬಿದರಹಳ್ಳಿ ಹೋಬಳಿಗಳು ಹಿಂದಿನಿಂದಲೂ ರಾಗಿ ಬೆಳೆದ ಸೀಮೆ. ಈಗ ಹೊಲಗಳ ನಡುವೆಯೇ ಬಡಾವಣೆಗಳು ಎದ್ದಿವೆ. ಬೆಳೆದ ರಾಗಿಯನ್ನು ಮನೆಯ ಹಿಂದಿನ ಕೋಣೆಯಲ್ಲಿ ಶುದ್ಧಿಮಾಡಿ, ಬೀಸಿ, ಹಿಟ್ಟಾಗಿ ಮಾರಲು ಗಿರಾಕಿಗಳು ಬಾಗಿಲಲ್ಲೇ ಇದ್ದಾರೆ. ಆದರೆ ಕಣದಲ್ಲಿ ತೂರುವಾಗ ಗಾಳಿ ಹೊತ್ತೊಯ್ಯುತ್ತಿದ್ದ ಧೂಳು ಮುಚ್ಚಿದ ಕೋಣೆಯಲ್ಲಿ ಎಲ್ಲಿಗೆ ಹೋಗಬೇಕು? ಅಲ್ಲಿ ದುಡಿಯುವವರ ಶ್ವಾಸಕೋಶಕ್ಕೆ, ಇಲ್ಲವೇ ನೆರೆಮನೆಗೆ.

ಧೂಳಿನಿಂದ ಅಪಾಯವೇನು?

ಕಣ್ಣಿಗೆ ಕಾಣುವ ದಪ್ಪ ಧೂಳು ಬೇಗ ನೆಲಕ್ಕೆ ಬೀಳುತ್ತದೆ. ಆದರೆ 10 ಮೈಕ್ರಾನ್ ಗಾತ್ರದ ಕಣವು ಎರಡು ಮೀಟರ್ ಎತ್ತರದಿಂದ ಕೆಳಗಿಳಿಯಲು ಸುಮಾರು ಹತ್ತು ನಿಮಿಷ ಬೇಕು, 2.5 ಮೈಕ್ರಾನ್ ಕಣಕ್ಕೆ ಸುಮಾರು ಮೂರು ಗಂಟೆ. ಮಿಲ್ಲು ನಿಲ್ಲಿಸಿದ ಮೇಲೂ ನೀವು ಉಸಿರಾಡುವುದು ಇದನ್ನೇ. ಕೆಮ್ಮು, ಉಬ್ಬಸಗಳಿಗೆ ಇದು ಮೂಲ.

ಎರಡನೆಯದು ಬೆಂಕಿ. ದಟ್ಟವಾಗಿ ತೇಲುವ ಹಿಟ್ಟಿಗೆ ಕಿಡಿ ತಗುಲಿದರೆ ಸ್ಫೋಟವಾಗುತ್ತದೆ. 1878ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ವಾಷ್‌ಬರ್ನ್ ಹಿಟ್ಟಿನ ಗಿರಣಿ ಹೀಗೆ ಸ್ಫೋಟಗೊಂಡು 18 ಮಂದಿ ಮಡಿದರು.

ವ್ಯವಸ್ಥೆಯ ಭಾಗಗಳು

1. ಹೀರುಬಾಯಿ: ದೀಪವನ್ನು ಊದಿ ಆರಿಸಬಹುದು, ಉಸಿರೆಳೆದು ಆರಿಸಲಾಗದು. ಕೊಳವೆಯ ಬಾಯಿಂದ ಅದರ ವ್ಯಾಸದಷ್ಟು ದೂರ ಹೋದರೆ ಗಾಳಿಯ ಸೆಳೆತ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಧೂಳು ಏಳುವ ಜಾಗವನ್ನು ತಗಡಿನಿಂದ ಆದಷ್ಟೂ ಮುಚ್ಚಿ, ಅಲ್ಲಿಂದಲೇ ಹೀರಬೇಕು.

2. ಕೊಳವೆ: 10 ಸೆಂ.ಮೀ. ವ್ಯಾಸದ ಸತು ಲೇಪಿತ ತಗಡಿನ ಕೊಳವೆ ಸಾಕು. ಗಾಳಿಯ ವೇಗ ಸೆಕೆಂಡಿಗೆ 18 ಮೀಟರ್ ಇರಲಿ. ಕಡಿಮೆಯಾದರೆ ಧೂಳು ಕೊಳವೆಯಲ್ಲೇ ಕೂರುತ್ತದೆ. ಮೂಲೆ ಮುರಿದ ತಿರುವುಗಳ ಬದಲು ದುಂಡನೆಯ ತಿರುವುಗಳನ್ನು ಕೊಡಿ. ಶುದ್ಧಿ ಯಂತ್ರಕ್ಕೂ ಮಿಲ್ಲಿಗೂ ಬೇರೆ ಬೇರೆ ತಡೆಬಾಗಿಲು ಇಟ್ಟು, ಒಂದು ಸಲಕ್ಕೆ ಒಂದನ್ನೇ ತೆರೆಯಿರಿ.

3. ಸೈಕ್ಲೋನ್: ಇದು ಆಲಿಕೆಯಾಕಾರದ ತಗಡಿನ ಪಾತ್ರೆ. ಗಾಳಿ ಪಕ್ಕದಿಂದ ನುಗ್ಗಿ ಸುಳಿಯಾಗಿ ತಿರುಗುವಾಗ ಧೂಳು ಗೋಡೆಗೆ ಒತ್ತಿ ಕೆಳಗೆ ಜಾರುತ್ತದೆ; ಗಾಳಿ ಮೇಲಿನಿಂದ ಹೊರಡುತ್ತದೆ. ಅಳತೆಗಳು ಹೀಗಿರಲಿ: ವ್ಯಾಸ 28 ಸೆಂ.ಮೀ., ಒಳಬಾಯಿ 14 ಸೆಂ.ಮೀ. ಎತ್ತರ ಮತ್ತು 7 ಸೆಂ.ಮೀ. ಅಗಲ, ನೇರ ಭಾಗ 56 ಸೆಂ.ಮೀ., ಆಲಿಕೆ ಭಾಗ 56 ಸೆಂ.ಮೀ., ತಳದ ತೂತು 7 ಸೆಂ.ಮೀ. ಮೇಲಿನ ಹೊರಕೊಳವೆ 14 ಸೆಂ.ಮೀ. ವ್ಯಾಸದ್ದಾಗಿದ್ದು, ಪಾತ್ರೆಯೊಳಕ್ಕೆ 17–18 ಸೆಂ.ಮೀ. ಇಳಿದಿರಬೇಕು. ತಳಕ್ಕೆ ಗಟ್ಟಿ ತಗಡಿನ ಡ್ರಮ್ಮು ಜೋಡಿಸಿ. ಶಿವಾಜಿನಗರದ ಗುಜರಿಯಲ್ಲಿ ಹುಡುಕಬಹುದು. ರಾಸಾಯನಿಕ ತುಂಬಿದ್ದ ಡ್ರಮ್ಮು ಬೇಡ. ಮುಚ್ಚಳಕ್ಕೆ ರಬ್ಬರ್ ಪಟ್ಟಿ ಅವಶ್ಯ. ಇಲ್ಲಿ ಗಾಳಿ ಸೋರಿದರೆ ಬಿದ್ದ ಧೂಳು ಮತ್ತೆ ಮೇಲೇಳುತ್ತದೆ.

4. ಬ್ಲೋಯರ್: ಸೈಕ್ಲೋನ್ ನಂತರ ಕೂರಿಸಿ, ಧೂಳಿನ ಹೆಚ್ಚಿನ ಪಾಲು ಅದರ ರೆಕ್ಕೆಗೆ ತಾಗುವುದಿಲ್ಲ. ಗಂಟೆಗೆ 500 ಘನ ಮೀಟರ್ ಗಾಳಿಯನ್ನು 175 ಮಿ.ಮೀ. ನೀರಿನ ಒತ್ತಡದಲ್ಲಿ ಎಳೆಯುವಂತಹುದನ್ನು ಕೇಳಿ ಕೊಳ್ಳಿ. ಪೂರ್ತಿ ಮುಚ್ಚಿದ 1 ಅಶ್ವಶಕ್ತಿಯ ಮೋಟಾರು ಸಾಕು. ಗೋಡೆಯ ಎಕ್ಸಾಸ್ಟ್ ಫ್ಯಾನಿನಿಂದ ಈ ಕೆಲಸ ಆಗದು.

5. ಬಟ್ಟೆಚೀಲ: ಅತಿ ಸಣ್ಣ ಧೂಳು ಸೈಕ್ಲೋನಿನಲ್ಲಿ ಪೂರ್ತಿ ನಿಲ್ಲದು. ಬ್ಲೋಯರ್ ಹೊರಬಾಯಿಗೆ ದಪ್ಪ ಹತ್ತಿ ಬಟ್ಟೆಯ, 45 ಸೆಂ.ಮೀ. ವ್ಯಾಸದ, 1.8 ಮೀಟರ್ ಉದ್ದದ ಎರಡು ಚೀಲಗಳನ್ನು ಕಟ್ಟಿ. ಇವು ಕೋಣೆಯ ಹೊರಗೆ, ಮಳೆ ತಾಗದ ಮಾಡಿನ ಕೆಳಗೆ, ನೆರೆಯವರ ಕಿಟಕಿಯಿಂದ ದೂರ ಇರಲಿ.

ಗಮನಿಸಬೇಕಾದ ಅಂಶಗಳು

* ಕೊಳವೆ, ಸೈಕ್ಲೋನ್, ಬ್ಲೋಯರ್ ಮೂರಕ್ಕೂ ಅರ್ತಿಂಗ್ ಕೊಡಿಸಬೇಕು. ಸ್ಥಾಯಿ ವಿದ್ಯುತ್ತಿನ ಕಿಡಿ ತಪ್ಪುತ್ತದೆ.
* ಮಿಲ್ಲಿನ ಬಾಯಿಗೆ ಅಯಸ್ಕಾಂತ ಇಟ್ಟರೆ ಕಬ್ಬಿಣದ ಚೂರು ಕಲ್ಲಿಗೆ ಸಿಕ್ಕಿ ಕಿಡಿ ಹಾರುವುದಿಲ್ಲ.
* ಬೀಡಿ, ದೀಪ, ಒಲೆ ಕೋಣೆಯ ಹತ್ತಿರ ಕೂಡದು.
* ಡ್ರಮ್ಮನ್ನು ದಿನವೂ ಬರಿದುಮಾಡಿ ಧೂಳನ್ನು ತಿಪ್ಪೆಗೆ ಹಾಕಿ.
* ಚೀಲ ಕೊಡವುವಾಗ ಎನ್-95 ಮುಖಗವಸು ಧರಿಸಿ. ಸೆರಗು, ಟವೆಲ್ಲುಗಳು ಸಣ್ಣ ಧೂಳನ್ನು ತಡೆಯಲಾರವು.

ಕೆಲಸ ಮುಗಿದ ಮೇಲೂ ಐದು ನಿಮಿಷ ಬ್ಲೋಯರ್ ಓಡಲಿ. ಸಂಜೆ ತೊಲೆಯ ಮೇಲೆ ಬೆರಳಾಡಿಸಿ ನೋಡಿ. ಬೆರಳಿಗೆ ಹಿಟ್ಟು ಅಂಟಿದರೆ ಎಲ್ಲೋ ಸೋರಿಕೆಯಿದೆ ಎಂದು ತಿಳಿದು, ಮರುದಿನ ಮಿಲ್ಲು ಹೂಡುವ ಮೊದಲೇ ಸರಿಪಡಿಸಿಕೊಳ್ಳಿ. ಮಿಲ್ಲಿನ ಮುಂದೆ ಹೆಚ್ಚು ಹೊತ್ತು ನಿಲ್ಲುವವರು ಮನೆಯ ಹೆಣ್ಣುಮಕ್ಕಳು. ಈ ಖರ್ಚು ಮೊದಲು ಅವರ ಆರೋಗ್ಯಕ್ಕಾಗಿ ಎಂದು ಭಾವಿಸಿರಿ.