ತಂತಿ ಹುಡುಕಿ ಬಂದ ವ್ಯಾನು

ಅರಸೀಕೆರೆ ಸೀಮೆಯ ತೆಂಗಿನ ತೋಟಗಳ ನಡುವಿನ ಮಣ್ಣುದಾರಿಯಲ್ಲಿ ಬಿಳಿ ವ್ಯಾನು ತೂಗಾಡುತ್ತ ಬರುವ ಹೊತ್ತಿಗೆ ಊರಿನ ಹಾಲೆಲ್ಲ ಡೇರಿ ಸೇರಿಯಾಗಿತ್ತು. ಈ ಮನೆಯ ಕ್ಯಾನು ಮಾತ್ರ ಜಗಲಿಯ ಮೇಲೆ ಖಾಲಿ ಬೋರಲು ಬಿದ್ದಿತ್ತು.

ಕೊಟ್ಟಿಗೆಯ ಮುಂದೆ ಗೌರಿ ನಿಂತಿದ್ದಳು. ಕಪ್ಪು ಬಿಳುಪಿನ ಮಿಶ್ರತಳಿ, ಮೂರನೇ ಸೂಲು. ಬೆನ್ನು ಬಿಲ್ಲಾಗಿ ಬಾಗಿದೆ, ಮುಂಗಾಲುಗಳ ಮೊಣಕೈ ಹೊರಚಾಚಿದೆ. ಮೆಲುಕಿಲ್ಲ. ನಾಲ್ಕು ದಿನದ ಹಿಂದೆ ಹೊತ್ತಿಗೆ ಆರು ಲೀಟರು ಕರೆಯುತ್ತಿದ್ದವಳು ಈಗ ಒಂದು ಲೋಟಕ್ಕೂ ಇಲ್ಲ.

ಪಕ್ಕದಲ್ಲೇ ಊರಿನ ದನದ ಡಾಕ್ಟ್ರು. ಅಡ್ಡ ತಿರುಗಿದ್ದ ಕರುವಾಗಿ ತಾಯ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಈ ಗೌರಿಯನ್ನು ನಡುರಾತ್ರಿ ಹೊರಗೆಳೆದವರು ಅವರೇ. ಮೊದಲ ದಿನವೇ ಅವರು ಹೆಗಲ ಮೇಲಿನ ತೊಗಲನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡಿದ್ದರು. ಹಾಗೆ ಹಿಂಡಿದರೆ ಗಟ್ಟಿಮುಟ್ಟಾದ ಹಸು ಬೆನ್ನು ತಗ್ಗಿಸುತ್ತದೆ. ಗೌರಿ ತಗ್ಗಿಸಲಿಲ್ಲ, ನರಳಿದಳು. ತಂತಿ ನುಂಗಿದ್ದಾಳೆ ಎಂಬ ಗುಮಾನಿ ಅವರಿಗೆ ಅಲ್ಲೇ ಹುಟ್ಟಿತು. ಹಾಗಂತ ಟೆಂಪೋಗೆ ಹತ್ತಿಸಿ ಹಾಸನಕ್ಕೆ ಸಾಗಿಸಿದರೆ ಹಳ್ಳದಿಣ್ಣೆಯ ಕುಲುಕಾಟಕ್ಕೆ ತಂತಿ ಇನ್ನಷ್ಟು ಮುಂದೆ ಹೋದೀತು. ಮುಂದೆ ಇರುವುದು ಗುಂಡಿಗೆ.

1962ಕ್ಕೆ ಕರೆ ಮಾಡಿದರೆ ವೈದ್ಯ, ಸಹಾಯಕ, ಚಾಲಕ ಮೂವರೂ ಬಾಗಿಲಿಗೇ ಬರುವ ಸಂಚಾರಿ ಚಿಕಿತ್ಸಾಲಯ ಈಗ ಹಳ್ಳಿಗಳಿಗೆ ಹೊಸತಲ್ಲ. ಇವತ್ತಿನದು ಅದಕ್ಕಿಂತ ಬೇರೆ. ಊರಿನ ಡಾಕ್ಟ್ರೇ ಫೋನು ಮಾಡಿ ಕರೆಸಿದ ಶಸ್ತ್ರಚಿಕಿತ್ಸೆಯ ತಜ್ಞೆ, ಜೊತೆಗೆ ಕೈಚೀಲದಷ್ಟೇ ಇರುವ ಸ್ಕ್ಯಾನಿಂಗ್ ಯಂತ್ರ.

"ಜ್ವರ ಎಷ್ಟಿತ್ತು ಡಾಕ್ಟ್ರೇ? ಇಳಿಜಾರಲ್ಲಿ ಇಳಿಯೋಕೆ ಒಪ್ತಾಳಾ?"

"ಇಲ್ಲ ಮೇಡಂ. ಕೆರೆ ಏರಿ ಹತ್ತಿದ್ಲು, ಇಳೀಲೇ ಇಲ್ಲ."

ಹಸು ಮೇವನ್ನು ಮೊದಲು ಅಗಿಯದೆ ನುಂಗಿಬಿಡುತ್ತದೆ. ಕಲಗಚ್ಚಿನಲ್ಲಿ ಬಿದ್ದ ಸೂಜಿ, ಹುಲ್ಲಿನಲ್ಲಿ ಸಿಕ್ಕಿದ ತಂತಿ ನಾಲಿಗೆಗೆ ಬೇರೆಯೆನ್ನಿಸುವುದಿಲ್ಲ. ಭಾರದ್ದು ಉರುಳುರುಳಿ ಎರಡನೇ ಹೊಟ್ಟೆಯಲ್ಲಿ ಕೂರುತ್ತದೆ. ಒಳಗೋಡೆಯೆಲ್ಲ ಜೇನುಹುಟ್ಟಿನಂತಿರುವ ಆ ಹೊಟ್ಟೆಗೂ ಗುಂಡಿಗೆಗೂ ನಡುವೆ ವಪೆಯೊಂದೇ ಅಡ್ಡ. ಹೆಚ್ಚುಕಡಿಮೆ ನಿಮಿಷಕ್ಕೊಮ್ಮೆ ಆ ಹೊಟ್ಟೆ ಹಿಂಡಿಕೊಳ್ಳುತ್ತದೆ. ಪ್ರತಿ ಹಿಂಡಿಗೂ ತಂತಿಗೆ ಒಂದು ನೂಕು.

ಎದೆಯ ಕೆಳಗಿನ ಕೂದಲು ಬೋಳಿಸಿ ಜೆಲ್ ಹಚ್ಚಿದರು. ಪರದೆಯ ಮೇಲೆ ಬೂದುಬಣ್ಣದ ಅಲೆಗಳು. ಇಬ್ಬರು ವೈದ್ಯರ ತಲೆಗಳೂ ಒಂದಕ್ಕೊಂದು ತಾಗುವಷ್ಟು ಬಾಗಿದವು. ಈ ಯಂತ್ರಕ್ಕೆ ತಂತಿ ಕಾಣುವುದು ಅಪರೂಪ. ಅವರು ಹುಡುಕುತ್ತಿದ್ದದ್ದು ಕೀವು, ಗುಂಡಿಗೆಯ ಚೀಲದಲ್ಲಿ ತುಂಬಿದ ನೀರು. ಅದಿದ್ದರೆ ಕತ್ತಿ ಹಿಡಿಯುವುದೇ ವ್ಯರ್ಥ. ಮನೆಯಾಕೆ ಸೆರಗಿನ ತುದಿ ಕಚ್ಚಿಕೊಂಡು ಪರದೆಯನ್ನಲ್ಲ, ಅವರಿಬ್ಬರ ಮುಖ ನೋಡುತ್ತಿದ್ದಳು.

"ಎದೆ ಚೊಕ್ಕಟವಾಗಿದೆ ಕಣಮ್ಮ," ಎಂದರು ತಜ್ಞೆ.

ಎರಡು ತೆಂಗಿನಮರಕ್ಕೆ ಬಿದಿರು ಬಿಗಿದು ಚೌಕಟ್ಟು ಮಾಡಿದರು. ಗೌರಿ ನಿಂತೇ ಇದ್ದಳು. ಈ ಶಸ್ತ್ರಚಿಕಿತ್ಸೆಗೆ ಹಸುವನ್ನು ಮಲಗಿಸಬೇಕಿಲ್ಲ, ಎಡಪಕ್ಕೆ ಮರಗಟ್ಟಿದರೆ ಸಾಕು. ಸ್ಥಳೀಯ ಡಾಕ್ಟ್ರು ಮೂಗುದಾರ ಹಿಡಿದು ಗಂಗೆದೊಗಲು ನೀವುತ್ತ ಏನೋ ಗುನುಗುತ್ತಿದ್ದರು. ಹುಟ್ಟಿದ ರಾತ್ರಿಯಿಂದ ಕೇಳಿದ ದನಿ ಅದು. ಅವಳ ಕಿವಿ ಅತ್ತಲೇ ಹೊರಳುತ್ತಿತ್ತು.

ನೂರು ಲೀಟರಿಗೂ ಮೀರಿ ಹಿಡಿಯುವ ದೊಡ್ಡ ಹೊಟ್ಟೆಯನ್ನು ತೆರೆದು, ಅಂಚನ್ನು ಚರ್ಮಕ್ಕೇ ಹೊಲಿದು, ಅದರೊಳಗಿಂದ ಎರಡನೇ ಹೊಟ್ಟೆಯತ್ತ ತಜ್ಞೆ ಭುಜದವರೆಗೆ ಕೈ ಇಳಿಸಿದರು. ಹುಳಿವಾಸನೆ, ಬಿಸಿ ಹಬೆ. ಕಣ್ಣು ಮುಚ್ಚಿಕೊಂಡಿದ್ದರು, ನೋಡುವ ಕೆಲಸವೆಲ್ಲ ಬೆರಳಿನದು. ಹೊಟ್ಟೆಯಿಂದ ಮೊದಲು ಪ್ಲಾಸ್ಟಿಕ್ ಚೀಲದ ಮುದ್ದೆ ಬಂತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಕೊನೆಗೆ ಕೈ ಹೊರಬಂದಾಗ ಬೆರಳ ನಡುವೆ ಕಿರುಬೆರಳುದ್ದದ ತುಕ್ಕು ತಂತಿ.

"ಅಯ್ಯೋ, ಹೋದ್ವರ್ಷ ತಾರಸಿ ಹಾಕಿಸಿದಾಗ ಕಂಬಿಗೆ ಕಟ್ಟಿದ್ದ ತಂತಿ ಅಲ್ವಾ ಇದು!" ಮನೆಯಾಕೆ ಅಲ್ಲೇ ಕುಸಿದು ಕೂತಳು.

ಮತ್ತೆ ತಂತಿ ನುಂಗಿದರೆ ಹಿಡಿದಿಡಲೆಂದು ಬೆರಳುದ್ದದ ಅಯಸ್ಕಾಂತವೊಂದನ್ನು ಒಳಗಿಟ್ಟು ಪದರ ಪದರವಾಗಿ ಹೊಲಿದರು. ಮಧ್ಯಾಹ್ನಕ್ಕೆ ವ್ಯಾನು ಹೊರಟಿತು. ಮುಂದಿನ ತಾಲ್ಲೂಕಿನಲ್ಲಿ ಎಮ್ಮೆಯೊಂದು ಕಾಯುತ್ತಿತ್ತು. ಕಾಗದದ ಮೇಲೆ ಐದು ದಿನದ ಇಂಜೆಕ್ಷನ್, ಗಾಯಕ್ಕೆ ಮುಲಾಮು, ಮದ್ದಿನ ಪ್ರಭಾವ ಇಳಿಯುವ ತನಕ ಡೇರಿಗೆ ಹಾಲು ಹಾಕಬಾರದೆಂಬ ಸೂಚನೆ, ಎರಡು ವಾರಕ್ಕೆ ಹೊಲಿಗೆ ಬಿಚ್ಚುವುದು. ಇಷ್ಟನ್ನೂ ಮಾಡಬೇಕಾದವರು ಕೊಟ್ಟಿಗೆಯ ಮೂಲೆಯಲ್ಲಿ ಕೈ ತೊಳೆಯುತ್ತಿದ್ದರು. ತಜ್ಞೆಯ ಕೈಚಳಕಕ್ಕೆ ನಾನು ಬೆರಗಾದದ್ದು ನಿಜ. ಆದರೆ ಮೊದಲ ದಿನ ಆ ತೊಗಲು ಹಿಂಡಿದ ಕೈ ಇಲ್ಲದಿದ್ದರೆ ವ್ಯಾನು ಯಾರ ಮನೆ ಹುಡುಕಿ ಬರಬೇಕಿತ್ತು?

"ರಾತ್ರಿ ಏನಾದ್ರೂ ಆದ್ರೆ?" ಮನೆಯಾಕೆಗೆ ಇನ್ನೂ ನಡುಕ.

"ಹತ್ತು ಗಂಟೆಗೆ ಒಂದ್ಸಲ ಬಂದು ನೋಡ್ಕೊಂಡು ಹೋಗ್ತೀನಿ ಅಕ್ಕ. ನಾಯಿ ಕಟ್ಟಿಹಾಕಿ," ಎಂದು ಡಾಕ್ಟ್ರು ಬೈಕು ಒದ್ದರು.