ಪ್ರಯೋಗಾಲಯದಲ್ಲೇ ಓಡುವ ಕಾರು: ನಾಲ್ಕು ತಪ್ಪು ಕಲ್ಪನೆಗಳು

ಹೊಸ ಕಾರಿನ ಬ್ರೇಕು, ಸ್ಟೀರಿಂಗು, ಮೋಟರುಗಳನ್ನು ನಿಯಂತ್ರಿಸುವ ಸಾಫ್ಟ್‌ವೇರ್ ರಸ್ತೆಗಿಳಿಯುವ ಎಷ್ಟೋ ಮೊದಲೇ ನಿಜವಾದ ಸಮಯಕ್ಕೆ ಹೆಜ್ಜೆ ಹಾಕುವ ಕಂಪ್ಯೂಟರ್ ಅನುಕರಣೆಯಲ್ಲಿ, ಅಂದರೆ ರಿಯಲ್ ಟೈಮ್ ಸಿಮ್ಯುಲೇಶನ್‌ನಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. ಬೆಂಗಳೂರಿನ ಅನೇಕ ಎಂಜಿನಿಯರುಗಳಿಗೆ ಇದು ದಿನನಿತ್ಯದ ಕೆಲಸ. ಹೊರಗಿನವರಲ್ಲಿ ಮಾತ್ರ ಇದರ ಬಗ್ಗೆ ತಪ್ಪು ತಿಳಿವಳಿಕೆ ಹೆಚ್ಚು.

ತಪ್ಪು ಕಲ್ಪನೆ 1: ಇದೂ ಒಂದು ವಿಡಿಯೊ ಗೇಮ್, ಎಲ್ಲವೂ ಪರದೆಯ ಮೇಲೆ.

ಸತ್ಯ: ಕಾರು, ಟೈರು, ರಸ್ತೆಗಳು ಲೆಕ್ಕದಲ್ಲಿರುತ್ತವೆ ನಿಜ. ಆದರೆ ಪರೀಕ್ಷೆಗೆ ಕೂತ ಇಸಿಯು, ಅಂದರೆ ನಿಯಂತ್ರಣ ಪೆಟ್ಟಿಗೆ, ಅಸಲಿಯೇ. ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ವ್ಯವಸ್ಥೆಯ ಪರೀಕ್ಷೆಯನ್ನೇ ನೋಡಿ. ಚಕ್ರದ ಸೆನ್ಸರ್ ಕೊಡಬೇಕಾದ ವಿದ್ಯುತ್ ಸಂಕೇತವನ್ನು ಸಿಮ್ಯುಲೇಟರ್ ಕೊಡುತ್ತದೆ. ಚಕ್ರ ಜಾರುತ್ತಿದೆ ಎಂದು ಕಂಡರೆ ಇಸಿಯು ಬ್ರೇಕಿನ ಒತ್ತಡ ಇಳಿಸಲು ಆಜ್ಞೆ ಮಾಡುತ್ತದೆ. ಅದರಿಂದ ಚಕ್ರದ ವೇಗ ಎಷ್ಟು ಬದಲಾಗಬೇಕೆಂದು ಸಿಮ್ಯುಲೇಟರ್ ಲೆಕ್ಕ ಹಾಕಿ, ಹೊಸ ಸಂಕೇತ ಕಳಿಸುತ್ತದೆ. ಈ ಸುತ್ತಿಗೆ ಹಾರ್ಡ್‌ವೇರ್-ಇನ್-ದ-ಲೂಪ್ ಎಂದು ಹೆಸರು.

ತಪ್ಪು ಕಲ್ಪನೆ 2: ಅತಿ ವೇಗದ ಕಂಪ್ಯೂಟರ್ ಇದ್ದರೆ ಮುಗಿಯಿತು.

ಸತ್ಯ: ಇಲ್ಲಿ ವೇಗಕ್ಕಿಂತ ಗಡುವು ದೊಡ್ಡದು. ವಾಹನದ ಚಲನೆಯ ಲೆಕ್ಕ ಸಾಮಾನ್ಯವಾಗಿ 1 ಮಿಲಿಸೆಕೆಂಡಿಗೊಮ್ಮೆ ಮುಗಿಯಲೇಬೇಕು. 999 ಸಲ ಬೇಗ ಮುಗಿದು ಒಂದೇ ಒಂದು ಸಲ ತಡವಾದರೂ ಆ ಪರೀಕ್ಷೆಯನ್ನು ನಂಬುವಂತಿಲ್ಲ. ವಿದ್ಯುತ್ ಕಾರಿನಲ್ಲಿ ಬ್ಯಾಟರಿಯ ವಿದ್ಯುತ್ತನ್ನು ಮೋಟರಿಗೆ ತಕ್ಕಂತೆ ಮಾರ್ಪಡಿಸುವ ಇನ್ವರ್ಟರ್‌ಗೆ ಮಿಲಿಸೆಕೆಂಡೂ ದೀರ್ಘವೇ. ಅಲ್ಲಿ ಮೈಕ್ರೊಸೆಕೆಂಡುಗಳ ಲೆಕ್ಕ, ಅದಕ್ಕಾಗಿ ಒಳಗಿನ ಸರ್ಕ್ಯೂಟನ್ನೇ ಬೇಕಾದಂತೆ ಜೋಡಿಸಬಹುದಾದ ಎಫ್‌ಪಿಜಿಎ ಚಿಪ್ಪು. ಇದಕ್ಕೆ ಪ್ರತಿಯಾಗಿ, ಡಿಕ್ಕಿಯಲ್ಲಿ ಕಾರಿನ ಮೈ ನಜ್ಜುಗುಜ್ಜಾಗುವುದನ್ನು ಲೆಕ್ಕ ಹಾಕಲು ಗಂಟೆಗಟ್ಟಲೆ ಹಿಡಿದರೂ ನಡೆಯುತ್ತದೆ, ಏಕೆಂದರೆ ಉತ್ತರಕ್ಕಾಗಿ ಅಲ್ಲಿ ಯಾವ ಇಸಿಯೂ ಕಾದು ಕೂತಿರುವುದಿಲ್ಲ.

ತಪ್ಪು ಕಲ್ಪನೆ 3: ರಸ್ತೆಯಲ್ಲಿ ಸಾಕಷ್ಟು ಓಡಿಸಿದರೆ ಇದೆಲ್ಲ ಬೇಕಿಲ್ಲ.

ಸತ್ಯ: 'ಸಾಕಷ್ಟು' ಎಂದರೆ ಎಷ್ಟು? ಸ್ವಯಂಚಾಲಿತ ಕಾರು ಸಾವಿನ ಪ್ರಮಾಣದಲ್ಲಿ ಅಮೆರಿಕದ ಮಾನವ ಚಾಲಕರಷ್ಟಾದರೂ ಸುರಕ್ಷಿತ ಎಂದು ಶೇ. 95ರ ಭರವಸೆಯಿಂದ ಹೇಳಲು, ಒಂದೂ ಸಾವಿಲ್ಲದೆ 27.5 ಕೋಟಿ ಮೈಲಿ ಓಡಬೇಕು ಎಂದು 2016ರಲ್ಲಿ ಅಮೆರಿಕದ ಸಂಶೋಧನಾ ಕೇಂದ್ರವಾದ ರ‍್ಯಾಂಡ್ ಸಂಸ್ಥೆ ಲೆಕ್ಕ ಹಾಕಿತು. ಅದು ಸುಮಾರು 44 ಕೋಟಿ ಕಿ.ಮೀ. ನೂರು ಕಾರುಗಳು ಗಂಟೆಗೆ 25 ಮೈಲಿ ಸರಾಸರಿಯಲ್ಲಿ ಹಗಲೂ ರಾತ್ರಿ ಓಡಿದರೂ 12 ವರ್ಷ ಮೀರುತ್ತದೆ. ಒದ್ದೆ ತಿರುವಿನಲ್ಲಿ, ಗಂಟೆಗೆ 120 ಕಿ.ಮೀ. ವೇಗದಲ್ಲಿರುವಾಗ ಸೆನ್ಸರಿನ ತಂತಿ ಕಡಿದರೆ ಏನಾದೀತು ಎಂಬ ಪ್ರಶ್ನೆಗೆ ರಸ್ತೆಯಲ್ಲೇ ಉತ್ತರ ಹುಡುಕಲಂತೂ ಚಾಲಕನ ಜೀವವನ್ನು ಪಣಕ್ಕಿಡಬೇಕಾದೀತು. ಪ್ರಯೋಗಾಲಯದಲ್ಲಿ ಅದೇ ದೋಷವನ್ನು ಅದೇ ಕ್ಷಣಕ್ಕೆ ರಾತ್ರಿಯಿಡೀ ಮರುಕಳಿಸಬಹುದು.

ತಪ್ಪು ಕಲ್ಪನೆ 4: ಸಿಮ್ಯುಲೇಶನ್‌ನಲ್ಲಿ ಪಾಸಾದರೆ ರಸ್ತೆ ಪರೀಕ್ಷೆ ಬೇಡ.

ಸತ್ಯ: ಲೆಕ್ಕ ಎಷ್ಟೇ ಸರಿಯಾಗಿರಲಿ, ಅದಕ್ಕೆ ಉಣಿಸಿದ ಮಾದರಿ ತಪ್ಪಾಗಿದ್ದರೆ ಉತ್ತರವೂ ತಪ್ಪೇ. ಟೈರಿನ ಹಿಡಿತವನ್ನು ಹೇಳುವ ಪಚೇಕಾ ಸೂತ್ರಕ್ಕೂ ನಿಜವಾದ ಟೈರಿನಿಂದ ಅಳೆದ ಅಂಕಿಗಳೇ ಆಧಾರ. ಕಾರು ಜಾರಿ ತಿರುಗದಂತೆ ತಡೆಯುವ ಇಎಸ್‌ಸಿ ವ್ಯವಸ್ಥೆಗೆ ಸಂಬಂಧಿಸಿದ ವಿಶ್ವಸಂಸ್ಥೆಯ ನಿಯಮ 140 ಸಿಮ್ಯುಲೇಶನ್ನಿಗೆ ಅವಕಾಶ ಕೊಡುತ್ತದೆ. ಆದರೆ ಅದರ ಫಲಿತಾಂಶ ನಿಜವಾದ ವಾಹನದ ಪರೀಕ್ಷೆಗೆ ತಾಳೆಯಾಗಬೇಕು. ಟ್ರ್ಯಾಕಿನಲ್ಲಿ ಸರಿಯಾಗಿ ಅಳೆದದ್ದಕ್ಕೂ ಪರದೆಯ ಮೇಲಿನ ಅಂಕಿಗೂ ಜಗಳವಾದರೆ, ತಿದ್ದಬೇಕಾದದ್ದು ಪರದೆಯ ಅಂಕಿಯ ಹಿಂದಿರುವ ಮಾದರಿಯನ್ನೇ.