ಡೀಸೆಲ್ ಗಾಡಿ ಏಕೆ ಹೊರಡಲಿಲ್ಲ?

ಜತ್ತ ತಾಲೂಕಿನ ನಮ್ಮ ಪಾಲಕರಲ್ಲಿ ಅನೇಕರು ದಾಳಿಂಬೆ, ದ್ರಾಕ್ಷಿಗಳ ಬೆಳೆಗಾರರು. ಅವರಲ್ಲಿ ಕೆಲವರಿಗೆ ಈಗ ಡೀಸೆಲ್ ಪಿಕಪ್ ಗಾಡಿಯೇ ಎತ್ತಿನ ಜೋಡಿಯ ಸ್ಥಾನದಲ್ಲಿದೆ. ಎತ್ತು ಏಳದಿದ್ದರೆ ಒಕ್ಕಲಿಗನು ಅದರ ಕಾಲು, ಕಿವಿ, ಮೂಗು ಮುಟ್ಟಿ ನೋಡಬಲ್ಲನು. ಗಾಡಿ ಹೊರಡದಿದ್ದರೆ ಮಾತ್ರ ಕೈಕಟ್ಟಿ ನಿಲ್ಲುತ್ತಾನೆ.

ಕಳೆದ ಮಾಗಿಯಲ್ಲಿ ಪಾಲಕರೊಬ್ಬರಿಗೆ ಇದೇ ಗತಿಯಾಯಿತು. ಸೊಲ್ಲಾಪುರದ ಪೇಟೆಗೆ ಒಯ್ಯಬೇಕಾದ ದಾಳಿಂಬೆಯನ್ನು ರಾತ್ರಿಯೇ ಹೇರಿದ್ದರು. ನಸುಕಿನಲ್ಲಿ ಕೀಲಿಕೈ ತಿರುವಿದರೆ ಎಂಜಿನ್ನು ಒಮ್ಮೆ ನರಳಿ ಸುಮ್ಮನಾಯಿತು. ರಿಪೇರಿಯವನೊಬ್ಬನು ಬಂದು, ಬ್ಯಾಟರಿ ಸತ್ತಿದೆಯೆಂದನು. ಮಗಳ ಕಾಲೇಜಿಗೆಂದು ಕೂಡಿಟ್ಟಿದ್ದ ಹಣದಿಂದ ಹೊಸ ಬ್ಯಾಟರಿ ಬಂದಿತು. ಗಾಡಿ ಮೊದಲಿನಂತೆಯೇ ನರಳಿತು. ಆ ಮಗಳು ನಮ್ಮ ಹತ್ತನೆಯ ತರಗತಿಯ ವಿದ್ಯಾರ್ಥಿನಿ. ಪ್ರಯೋಗಶಾಲೆಯ ಮಲ್ಟಿಮೀಟರನ್ನು ಕೇಳಲು ಅವಳು ನಮ್ಮಲ್ಲಿಗೆ ಬಂದಳು. ನಾವೂ ಅವಳ ಜೊತೆಯಲ್ಲಿ ಹೋದೆವು.

ಮೊದಲು ತತ್ತ್ವವನ್ನು ತಿಳಿಯತಕ್ಕದ್ದು. ಜರ್ಮನಿಯ ರುಡಾಲ್ಫ್ ಡೀಸೆಲನು 1897ರಲ್ಲಿ ನಡೆಸಿ ತೋರಿಸಿದ ಎಂಜಿನ್ನಿನಲ್ಲಿ ಪೆಟ್ರೋಲ್ ಗಾಡಿಯಂತೆ ಕಿಡಿ ಹಾರಿಸುವ ಪ್ಲಗ್ಗಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು ಬಿಸಿಯಾಗುವುದನ್ನು ಯಾವ ಬಾಲಕನು ಕಂಡಿಲ್ಲ? ಆ ಕಾದ ಗಾಳಿಗೆ ಸಿಂಪಡಿಸಿದ ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತದೆ. ಹಾಗಾದರೆ ವಿದ್ಯುತ್ತಿನ ಕೆಲಸವೇನು? ಎಂಜಿನ್ನನ್ನು ಮೊದಲು ತಿರುಗಿಸುವುದು, ಎಣ್ಣೆಯ ದಾರಿ ತೆರೆಯುವುದು, ಚಳಿಯಲ್ಲಿ ಹೀಟರ್ ಪ್ಲಗ್ಗನ್ನು ಕಾಯಿಸುವುದು. ಇವುಗಳಲ್ಲಿ ಮೊದಲನೆಯದೇ ಭಾರವಾದುದು. ಇದಕ್ಕೆ ಸ್ಟಾರ್ಟರ್ ಮೋಟಾರು ಸುಮಾರು 200 ಆಂಪಿಯರ್, ಕೆಲವೊಮ್ಮೆ ಅದಕ್ಕೂ ಹೆಚ್ಚು ಪ್ರವಾಹವನ್ನು ಎಳೆಯುತ್ತದೆ.

ಆದುದರಿಂದ ಮೊದಲು ಕಿವಿಗೊಡಬೇಕು. ಕೀಲಿಕೈ ತಿರುವಿದಾಗ ಸದ್ದೇ ಇಲ್ಲದಿದ್ದರೆ ಫ್ಯೂಸು, ರಿಲೇ, ಕೀಲಿಕೈಯ ಸ್ವಿಚ್ಚು ಇವನ್ನು ನೋಡತಕ್ಕದ್ದು. ಕಟಕಟವೆಂದು ಬಿಡದೆ ಬಡಿದುಕೊಂಡರೆ ಬ್ಯಾಟರಿಯ ಬಲ ಕುಂದಿದೆ, ಇಲ್ಲವೆ ಅದರ ಟರ್ಮಿನಲ್ಲು ಸಡಿಲವಾಗಿದೆ. ಎಂಜಿನ್ನು ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ದೂರುವುದು ಅನ್ಯಾಯ. ಹಳೆಯ ಗಾಡಿಯಾದರೆ ಪಂಪಿನ ಮೇಲಿರುವ, ಎಣ್ಣೆ ಬಿಡುವ ಸೊಲೆನಾಯ್ಡಿನ ತಂತಿ ಕಳಚಿರಬಹುದು. ಹೊಸ ಗಾಡಿಗಳಲ್ಲಿ ಕಂಪ್ಯೂಟರು, ಸೆನ್ಸರುಗಳಿರುತ್ತವೆ. ಅಲ್ಲಿ ಸ್ಕ್ಯಾನರು ಉಳ್ಳವರನ್ನೇ ಕರೆಯಬೇಕು. ಅವುಗಳ ಎಣ್ಣೆಯ ಕೊಳವೆಯನ್ನು ಮಾತ್ರ ಯಾರೂ ಸಡಿಲಿಸಬಾರದು. ಅದರೊಳಗಿನ ಒತ್ತಡ ಚರ್ಮವನ್ನು ಸೀಳಬಲ್ಲದು.

ನಮ್ಮ ಪಾಲಕರ ಗಾಡಿ ನರಳುತ್ತಿತ್ತು. ಅವರು ಗೇರನ್ನು ನ್ಯೂಟ್ರಲ್ಲಿಗೆ ತಂದು, ಕೈಬ್ರೇಕು ಎಳೆದು ಕುಳಿತರು. ಹುಡುಗಿ ಅಳೆಯತೊಡಗಿದಳು. ಸುಮ್ಮನಿರುವಾಗ ಬ್ಯಾಟರಿಯಲ್ಲಿ 12.6 ವೋಲ್ಟು. ಇದು ತುಂಬಿದ ಬ್ಯಾಟರಿಯ ಲಕ್ಷಣ; 12.2ಕ್ಕೆ ಇಳಿದರೆ ಅರ್ಧ ಖಾಲಿಯೆಂದು ತಿಳಿಯಬೇಕು. ಕೀಲಿಕೈ ತಿರುವಿ ಹಿಡಿದಾಗಲೂ 11 ವೋಲ್ಟು ನಿಂತಿತು. ದೀಪಗಳೂ ಅಷ್ಟಾಗಿ ಮಂಕಾಗಲಿಲ್ಲ. ಎಂದರೆ ಬ್ಯಾಟರಿ ಕೊಡುತ್ತಿದೆ, ಮೋಟಾರಿಗೆ ಅದು ಮುಟ್ಟುತ್ತಿಲ್ಲ. ನಡುವೆ ಕಳ್ಳನೆಲ್ಲಿ?

ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಎಂಜಿನ್ನಿನ ಬರಿಯ ಕಬ್ಬಿಣಕ್ಕೂ ಹಿಡಿಯಲು ಹೇಳಿದೆವು. ಮತ್ತೆ ಕೀಲಿಕೈ ತಿರುವಿದಾಗ ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ತೋರಬಾರದು. ತೋರಿದ್ದು 3.8! ಹುಡುಗಿ ನಮ್ಮ ಮುಖವನ್ನೇ ನೋಡಿದಳು. ಓಮನು 1827ರಲ್ಲಿ ಪ್ರಕಟಿಸಿದ ನಿಯಮವನ್ನು ತರಗತಿಯಲ್ಲಿ ಬಾಯಿಪಾಠ ಒಪ್ಪಿಸಿದ್ದಳು. ಈಗ ಅದನ್ನು ಮಣ್ಣಿನಲ್ಲಿ ಕಡ್ಡಿಯಿಂದ ಬರೆದಳು. ಪ್ರವಾಹ 190 ಆಂಪಿಯರ್ ಎಂದಿಟ್ಟುಕೊಂಡರೆ, 3.8ನ್ನು ಅದರಿಂದ ಭಾಗಿಸಲು ಬರುವ ರೋಧ 0.02 ಓಮ್ ಮಾತ್ರ. ಇಷ್ಟು ಅಲ್ಪ ರೋಧವು ಸಣ್ಣ ಬಲ್ಬಿಗೆ ಲೆಕ್ಕಕ್ಕೇ ಬಾರದು. ಮೋಟಾರಿನ ಪಾಲಿನ ಮೂರರಲ್ಲೊಂದು ಭಾಗವನ್ನು ಅದು ನುಂಗಿತ್ತು. ರಿಪೇರಿಯವನು ಬಲ್ಬು ಹಚ್ಚಿ, ತಂತಿ ಸರಿಯಿದೆಯೆಂದು ನಂಬಿದುದೂ ಇದರಿಂದಲೇ.

ಗಾಡಿಯ ಕೆಳಗೆ ಬಗ್ಗಿ ನೋಡಿದರೆ, ಚಾಸಿಯಿಂದ ಎಂಜಿನ್ನಿಗೆ ಹೋಗುವ ಹೆಣೆದ ಅರ್ಥ್ ಪಟ್ಟಿ ಹಸಿರುಗಟ್ಟಿತ್ತು, ಅದರ ಬೋಲ್ಟಿನ ಸುತ್ತ ತುಕ್ಕು ಹಿಡಿದಿತ್ತು. ಬ್ಯಾಟರಿಯ ಋಣ ತಂತಿಯನ್ನು ಮೊದಲು ಕಳಚಿದೆವು (ಕೂಡಿಸುವಾಗ ಇದನ್ನೇ ಕೊನೆಗೆ ಕೂಡಿಸಬೇಕು). ತುಕ್ಕನ್ನು ಉಜ್ಜುಕಾಗದದಿಂದ ತಿಕ್ಕಿ ತೆಗೆದು, ಹೊಸ ಪಟ್ಟಿ ಹಾಕಿ ಬಿಗಿದೆವು. ಮೀಟರು 0.2 ವೋಲ್ಟು ತೋರಿತು. ಎಂಜಿನ್ನು ಎರಡನೆಯ ಸುತ್ತಿಗೇ ಹೊತ್ತಿಕೊಂಡಿತು. ಓಡುತ್ತಿರುವಾಗ ಬ್ಯಾಟರಿಯಲ್ಲಿ 14.1 ವೋಲ್ಟು ಇದ್ದುದರಿಂದ ಚಾರ್ಜಾಗುವುದರಲ್ಲಿಯೂ ಕೊರತೆಯಿರಲಿಲ್ಲ.

ದಾಳಿಂಬೆ ಒಂದು ದಿನ ತಡವಾಗಿ ಪೇಟೆ ಮುಟ್ಟಿತು. ಹೊಸ ಬ್ಯಾಟರಿಯನ್ನು ಅಂಗಡಿಯವನು ಹಿಂದಕ್ಕೆ ಪಡೆಯಲಿಲ್ಲ. ಹಳೆಯದನ್ನು ಆ ಪಾಲಕರು ನಮ್ಮ ಪ್ರಯೋಗಶಾಲೆಗೆ ಕೊಟ್ಟಿದ್ದಾರೆ. ಚಾರ್ಜು ಮಾಡಿ ಅಳೆದರೆ ಅದು ಇಂದಿಗೂ 12.5 ವೋಲ್ಟು ತೋರಿಸುತ್ತದೆ.